ಮನೆತನದ ನೆತ್ತರಿನಲ್ಲಿ ಹರಿದುಬರುವ ಕೊಬ್ಬು

ರಾಯಚೂರು, ದೇವದುರ್ಗ, ಮಾನ್ವಿಗಳ ಸೀಮೆಯ ಒಕ್ಕಲು ಮನೆಗಳಿಗೆ ಸುಗ್ಗಿಯ ತರುವಾಯ ಹೆಳವರು ಬರುವ ಪದ್ಧತಿಯನ್ನು ಹಿರಿಯ ಓದುಗರು ಬಲ್ಲರು. ಎತ್ತಿನ ಸಂಗಡ ಊರೂರು ತಿರುಗುತ್ತ ಬಂದು, ಮನೆತನದ ಮೂಲಪುರುಷನಿಂದ ಮೊದಲ್ಗೊಂಡು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಸಾಲಾಗಿ ಒಪ್ಪಿಸಿ, ಕಾಳುಕಡಿ ಪಡೆದು ಮುಂದಿನ ಊರಿಗೆ ಹೋಗುವ ಈ ವಂಶಾವಳಿಕಾರರ ನೆನಪಿನ ಬಲವು ಬೆರಗುಗೊಳಿಸತಕ್ಕದ್ದು. ಆದರೆ ಅವರ ವಂಶಾವಳಿಯಲ್ಲಿ ಎರಡು ಸಂಗತಿಗಳು ಸಾಮಾನ್ಯವಾಗಿ ದೊರೆಯುವುದಿಲ್ಲ. ಅದು ಬಹುಮಟ್ಟಿಗೆ ಗಂಡುಸಂತಾನದ ಸಾಲಾದುದರಿಂದ, ಕೊಟ್ಟ ಹೆಣ್ಣುಮಕ್ಕಳ ಸಂತತಿಯು ಅಲ್ಲಿಂದ ಬಿಟ್ಟುಹೋಗುವುದು. ಯಾರು ಎಷ್ಟನೆಯ ವಯಸ್ಸಿನಲ್ಲಿ, ಯಾವ ಬೇನೆಯಿಂದ ತೀರಿಕೊಂಡರೆಂಬುದೂ ಅದರಲ್ಲಿರುವುದಿಲ್ಲ. ನಾವು ಇಲ್ಲಿ ಹೇಳಹೊರಟ ವಿಷಯಕ್ಕೆ ಆ ಎರಡೇ ಸಂಗತಿಗಳು ಮುಖ್ಯವಾಗಿ ಬೇಕಾಗಿವೆ.

“ಆ ಮನೆಯಲ್ಲಿ ಗಂಡಸರು ಐವತ್ತು ದಾಟುವುದಿಲ್ಲ” ಎಂಬ ಮಾತು ಯಾವ ಊರಿನಲ್ಲಿ ಕೇಳಿಬರುವುದಿಲ್ಲ? ತಂದೆ ನಾಲ್ವತ್ತೆಂಟಕ್ಕೆ ಹೊಲದಲ್ಲಿಯೇ ಎದೆ ಹಿಡಿದುಕೊಂಡು ಕುಸಿದನು. ಅಣ್ಣನು ನಾಲ್ವತ್ತೆರಡಕ್ಕೆ ಬಸ್ಸಿನಲ್ಲಿ. ಈಗ ತಮ್ಮನಿಗೆ ಮೂವತ್ತೆಂಟು. ಇಂತಹ ಮನೆಯವರು ಹಿರಿಯರ ಶಾಪವೆಂದು ತಿಳಿದು ಹರಕೆ ಹೊರುವರು. ನಾಲ್ಕಕ್ಷರ ಬಲ್ಲವರಾದರೋ ತುಪ್ಪದ ಮೇಲೆಯೂ, ಸಂಜೆಯ ಮಂಡಕ್ಕಿ ಒಗ್ಗರಣೆ ಮಿರ್ಚಿಗಳ ಮೇಲೆಯೂ ತಪ್ಪು ಹೊರಿಸುವರು. ಬೀಡಿ ಸಿಗರೇಟು, ರಕ್ತದೊತ್ತಡ, ಸಕ್ಕರೆಯ ಬೇನೆ ಇವೇ ಅನೇಕ ಮನೆಗಳಲ್ಲಿ ಕಾರಣವಾಗಿರುವುದೂ ಉಂಟು. ಆದರೆ ಕೆಲವು ಮನೆಗಳಲ್ಲಿ ಕಾರಣವು ಇವೆಲ್ಲಕ್ಕಿಂತ ಹಳೆಯದು. ಅಜ್ಜನಿಂದಲೋ ಅಜ್ಜಿಯಿಂದಲೋ ನೆತ್ತರಿನಲ್ಲಿಯೇ ಇಳಿದುಬಂದದ್ದು. ಶಾಪವೆಂಬ ಊಹೆಗಿಂತ ಇದರಲ್ಲಿ ಒಂದು ಲಾಭವಿದೆ. ಇದನ್ನು ಅಳೆಯಬಹುದು, ತಡೆಯಲೂಬಹುದು.

ಕೊಲೆಸ್ಟರಾಲ್ ಎಂಬ ಹೆಸರು ಕೇಳಿದೊಡನೆ ವಿಷವೆಂದು ಭಾವಿಸುವುದು ವಾಡಿಕೆಯಾಗಿದೆ. ಅದು ವಿಷವಲ್ಲ. ಮೈಯ ಒಂದೊಂದು ಜೀವಕೋಶದ ಗೋಡೆಗೂ ಅದು ಬೇಕು. ಪಿತ್ತರಸವೂ, ಗಂಡುಹೆಣ್ಣುತನದ ರಸಗಳೂ, ಬಿಸಿಲಿನಿಂದ ನಮಗೆ ದೊರೆಯುವ ಡಿ ಜೀವಸತ್ವವೂ ಅದರಿಂದಲೇ ಆಗತಕ್ಕವು. ಅದರ ಬಹುಭಾಗವನ್ನು ನಮ್ಮ ಮೈಯೇ, ಅದರಲ್ಲಿಯೂ ಯಕೃತ್ತು, ಅಂದರೆ ಲಿವರು, ತಯಾರಿಸಿಕೊಳ್ಳುವುದು. ಉಣಿಸಿನಿಂದ ಬರುವುದು ಸಣ್ಣ ಪಾಲು. ಜಿಡ್ಡು ನೀರಿನಲ್ಲಿ ಕರಗದಿರುವುದರಿಂದ, ರಕ್ತದಲ್ಲಿ ಅದನ್ನು ಸಾಗಿಸಲು ಪ್ರೋಟೀನಿನ ಹೊದಿಕೆಯುಳ್ಳ ಸೂಕ್ಷ್ಮ ಕಣಗಳಿವೆ. ಅವುಗಳಲ್ಲಿ ಎಲ್.ಡಿ.ಎಲ್. ಎಂಬ ಕಣವೇ ನಮ್ಮ ಕಥೆಯ ನಾಯಕ, ಅಥವಾ ಖಳನಾಯಕ.

ಮಾನ್ವಿಯ ಕಡೆಯ ಅಕ್ಕಿಗಿರಣಿಯೊಂದನ್ನು ಮನಸ್ಸಿಗೆ ತಂದುಕೊಳ್ಳಿರಿ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತವನ್ನು ಹೇರಿಕೊಂಡು ಬಂಡಿಗಳು ಬರುತ್ತಲೇ ಇರುವುವು. ಗಿರಣಿಯ ಬಾಗಿಲುಗಳೆಲ್ಲ ತೆರೆದಿದ್ದರೆ ಬಂಡಿಗಳು ಒಳಗೆ ಹೋಗಿ ಹೇರು ಇಳಿಸುವುವು, ಬೀದಿಯು ತೆರವಾಗಿರುವುದು. ಅರ್ಧ ಬಾಗಿಲುಗಳು ಹುಟ್ಟಾ ಮುಚ್ಚಿದ್ದರೆ? ಬಂಡಿಗಳು ಬೀದಿಯಲ್ಲಿ ಸಾಲುಗಟ್ಟುವುವು, ಭತ್ತ ಚೆಲ್ಲುವುದು, ಕೊನೆಗೆ ದಾರಿಯೇ ಕಟ್ಟುವುದು. ಎಲ್.ಡಿ.ಎಲ್. ಬಂಡಿ, ಯಕೃತ್ತು ಗಿರಣಿ, ರಕ್ತನಾಳವು ಬೀದಿ. ಗಿರಣಿಗೆ ಬಾಗಿಲಿರುವಂತೆ ಯಕೃತ್ತಿನ ಕೋಶಗಳ ಮೇಲೆ ಎಲ್.ಡಿ.ಎಲ್. ಅನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಗ್ರಾಹಕಗಳಿವೆ. ಆ ಗ್ರಾಹಕವನ್ನು ಕಟ್ಟುವ ವಿಧಾನವು ನಮ್ಮ ಹತ್ತೊಂಬತ್ತನೆಯ ವರ್ಣತಂತುವಿನ ಒಂದು ಜೀನಿನಲ್ಲಿ ಬರೆದಿದೆ. ಜೀನಿಗೆ ಕನ್ನಡದಲ್ಲಿ ವಂಶವಾಹಿಯೆಂದು ಹೇಳುವರು. ಹೆಸರೇ ಅದರ ಕೆಲಸವನ್ನು ಸಾರುತ್ತದೆ.

ಪ್ರತಿಯೊಬ್ಬರಲ್ಲಿಯೂ ಈ ವಂಶವಾಹಿಯ ಎರಡು ಪ್ರತಿಗಳಿರುವುವು, ತಾಯಿಯದೊಂದು, ತಂದೆಯದೊಂದು. ಒಂದು ಪ್ರತಿಯಲ್ಲಿ ದೋಷವಿದ್ದರೆ ಬಾಗಿಲುಗಳು ಸುಮಾರು ಅರ್ಧದಷ್ಟೇ ಕೆಲಸಮಾಡುವುವು. ಹುಟ್ಟಿದ ದಿನದಿಂದಲೇ ರಕ್ತದಲ್ಲಿ ಎಲ್.ಡಿ.ಎಲ್. ಇಮ್ಮಡಿಯ ಸಮೀಪಕ್ಕೆ ಏರುವುದು. ಇದಕ್ಕೆ ವೈದ್ಯರು ಫೆಮಿಲಿಯಲ್ ಹೈಪರ್‌ಕೊಲೆಸ್ಟರೊಲೀಮಿಯಾ ಎಂಬ ಗಂಟಲು ತೊಡರಿಸುವ ಹೆಸರನ್ನಿಟ್ಟಿದ್ದಾರೆ. ನಾವು ಮನೆತನದ ಕೊಲೆಸ್ಟರಾಲ್ ಎಂದು ಕರೆಯುವೆವು. ಚಿಕಿತ್ಸೆಯಿಲ್ಲದೆ ಬಿಟ್ಟರೆ ಇಂತಹ ಗಂಡಸರಲ್ಲಿ ಅರ್ಧದಷ್ಟು ಮಂದಿ ೫೦ ತುಂಬುವುದರೊಳಗೆ ಹೃದಯದ ಬೇನೆಗೆ ಈಡಾಗುವರು. ಹೆಂಗಸರಲ್ಲಿ ೬೦ರ ಒಳಗೆ ನೂರಕ್ಕೆ ಮೂವತ್ತು ಮಂದಿ.

ಕೊಲೆಸ್ಟರಾಲಿನ ಏರಿಕೆ, ಸ್ನಾಯುರಜ್ಜುಗಳ ಮೇಲಿನ ಗಂಟು, ಹೃದಯದ ಬೇನೆ, ಈ ಮೂರೂ ಒಂದೇ ಮನೆತನದಲ್ಲಿ ಕೂಡಿಬರುವುದನ್ನು ನಾರ್ವೆ ದೇಶದ ವೈದ್ಯ ಕಾರ್ಲ್ ಮ್ಯುಲ್ಲರನು ೧೯೩೮ರಲ್ಲಿ ವಿವರಿಸಿದನು. ಲೆಬನಾನಿನ ಖಚದೂರಿಯನ್ ಎಂಬ ವೈದ್ಯನು ೧೯೬೪ರಲ್ಲಿ, ಸಂಬಂಧದೊಳಗೆ ಮದುವೆಯಾಗುವ ವಾಡಿಕೆಯ ಕುಟುಂಬಗಳನ್ನು ನೋಡಿ, ಒಂದು ಪ್ರತಿಯ ದೋಷವು ಒಂದು ಬಗೆಯಾಗಿಯೂ ಎರಡು ಪ್ರತಿಯ ದೋಷವು ಬಹು ಉಗ್ರವಾಗಿಯೂ ತೋರುವುದೆಂದು ಬೇರ್ಪಡಿಸಿದನು. ಬಾಗಿಲಿನ ಗುಟ್ಟನ್ನು ಒಡೆದವರು ಅಮೆರಿಕೆಯ ಡಲ್ಲಾಸ್ ನಗರದ ಮೈಕೇಲ್ ಬ್ರೌನ್, ಜೋಸೆಫ್ ಗೋಲ್ಡ್‌ಸ್ಟೀನ್ ಎಂಬ ಜೋಡಿ ಸಂಶೋಧಕರು. ೧೯೭೩ರಲ್ಲಿ ಆರಂಭವಾದ ಆ ಕೆಲಸಕ್ಕಾಗಿ ೧೯೮೫ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಎರಡು ಪ್ರತಿಗಳೂ ಕೆಟ್ಟಿರುವ ಮಕ್ಕಳ ಸ್ಥಿತಿಯು ಕರುಣಾಜನಕವಾದುದು. ಗಿರಣಿಗೆ ಬಾಗಿಲೇ ಇಲ್ಲದಂತಾಯಿತು. ಅವರ ಕೊಲೆಸ್ಟರಾಲ್ ೫೦೦ರಿಂದ ೧೦೦೦ದವರೆಗೂ ಏರುವುದುಂಟು. ಹಾಲುಹಲ್ಲು ಬೀಳುವ ಮುಂಚೆಯೇ ಮೊಣಕೈ, ಮೊಣಕಾಲು, ಪೃಷ್ಠಗಳ ಮೇಲೆ ಹಳದಿ ಛಾಯೆಯ ಗಂಟುಗಳು ಏಳುವುವು. ಅವು ನೋಯುವುದಿಲ್ಲವಾದುದರಿಂದ ತಾಯಂದಿರು ನರಹುಲಿಯೆಂದು ಸುಮ್ಮನಾಗುವರು. ಹತ್ತು ಹದಿನೈದು ವರ್ಷದ ಮಗುವಿಗೆ ಹೃದಯಾಘಾತವಾಗುವುದೆಂದರೆ ಯಾರು ನಂಬಿಯಾರು? ಆದರೆ ಇವರಲ್ಲಿ ಆಗುವುದು. ಅಮೆರಿಕೆಯ ಟೆಕ್ಸಾಸ್ ಪ್ರಾಂತದ ಸ್ಟಾರ್ಮಿ ಜೋನ್ಸ್ ಎಂಬ ಆರು ವರ್ಷದ ಬಾಲಿಕೆಗೆ ೧೯೮೪ನೆಯ ಫೆಬ್ರುವರಿ ೧೪ರಂದು ಪಿಟ್ಸ್‌ಬರ್ಗ್ ನಗರದಲ್ಲಿ ಹೃದಯವನ್ನೂ ಯಕೃತ್ತನ್ನೂ ಒಟ್ಟಿಗೆ ಕಸಿಮಾಡಿದರು. ಲೋಕದಲ್ಲಿ ಅದೇ ಮೊದಲು. ಬಾಗಿಲುಗಳುಳ್ಳ ಹೊಸ ಯಕೃತ್ತು ಬಂದೊಡನೆ ಸಾವಿರವನ್ನು ಮೀರಿದ್ದ ಕೊಲೆಸ್ಟರಾಲ್ ಮುನ್ನೂರರ ಆಸುಪಾಸಿಗೆ ಇಳಿಯಿತು. ಆಕೆ ಶಾಲೆಗೆ ಹೋದಳು, ಆಡಿದಳು. ಹದಿಮೂರನೆಯ ವಯಸ್ಸಿನಲ್ಲಿ, ೧೯೯೦ರಲ್ಲಿ, ತೀರಿಕೊಂಡಳು. ಯಕೃತ್ತಿನ ಬಾಗಿಲುಗಳೇ ಈ ಬೇನೆಯ ಬೀಗವೆಂಬುದು ಆ ಹುಡುಗಿಯ ಮೈಯಲ್ಲಿ ರುಜುವಾತಾಯಿತು.

ಎಲ್ಲಿಯೋ ಟೆಕ್ಸಾಸಿನ ಕಥೆ ನಮಗೇಕೆ ಎಂದು ಓದುಗರು ಕೇಳಬಹುದು. ಲೋಕದ ಲೆಕ್ಕದಲ್ಲಿ ಸುಮಾರು ೨೫೦ರಿಂದ ೩೦೦ ಮಂದಿಗೆ ಒಬ್ಬರಂತೆ ಒಂದು ಪ್ರತಿಯ ದೋಷವುಳ್ಳವರಿದ್ದಾರೆ. ರಾಯಚೂರು ಜಿಲ್ಲೆಯ ಜನಸಂಖ್ಯೆ ೨೦೧೧ರ ಗಣತಿಯಲ್ಲಿ ೧೯,೨೮,೮೧೨. ಲೋಕದ ಪ್ರಮಾಣವೇ ಇಲ್ಲಿಯೂ ಇದ್ದಿತೆಂದು ಇಟ್ಟುಕೊಂಡರೆ, ಮುನ್ನೂರಕ್ಕೆ ಒಬ್ಬರೆಂದರೂ ಆರು ಸಾವಿರಕ್ಕೂ ಮಿಕ್ಕ ಜನರಾಯಿತು. ಎರಡು ಲಕ್ಷ ಮೂವತ್ತು ಸಾವಿರ ದಾಟಿದ್ದ ರಾಯಚೂರು ನಗರ ಒಂದರಲ್ಲಿಯೇ ಏಳುನೂರಕ್ಕೂ ಹೆಚ್ಚು. ಇವರಲ್ಲಿ ಬೊಜ್ಜಿನವರೇ ಇರಬೇಕೆಂದಿಲ್ಲ. ದೇವದುರ್ಗದ ಹತ್ತಿಯ ಹೊಲದಲ್ಲಿ ಬಿಸಿಲಿಗೆ ಬೆಂದು ಎಲುಬು ಕಾಣುವ ಕೂಲಿಕಾರನಲ್ಲಿಯೂ ಇದು ಇರಬಹುದು. ಹೃದಯದ ಬೇನೆಯು ಸಾಹುಕಾರರ ಬೇನೆಯೆಂಬ ನಂಬುಗೆಯೇ ಬಡವರ ಪಾಲಿಗೆ ದೊಡ್ಡ ಕೇಡಾಗಿ ಪರಿಣಮಿಸಿದೆ; ಏಕೆಂದರೆ ಅವರ ರಕ್ತವನ್ನು ಯಾರೂ ಪರೀಕ್ಷಿಸುವುದಿಲ್ಲ.

ಇನ್ನು ನಮ್ಮ ಸೀಮೆಗೆ ವಿಶೇಷವಾಗಿ ತಗಲುವ ಮಾತಿಗೆ ಬರೋಣ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರಮಾವನ ಮಗಳಿಗೆ ಹೆಸರಿಟ್ಟ ದಿನವೇ ಗಂಡನ್ನು ಗೊತ್ತುಮಾಡುವುದು ನಮ್ಮಲ್ಲಿ ಹೊಸದಲ್ಲ. ೧೯೮೦ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಮದುವೆಗಳನ್ನು ವಿಚಾರಿಸಿ ನೋಡಿದಾಗ ಹೆಚ್ಚುಕಡಮೆ ಮೂರರಲ್ಲಿ ಒಂದು ಸಂಬಂಧದೊಳಗಿನದಾಗಿದ್ದಿತು. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಲೆಕ್ಕವು ನೂರಕ್ಕೆ ೨೭. ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳಲ್ಲಿ ನಿಕಾಹು ನಡೆಯುವ ಮುಸಲ್ಮಾನ ಕುಟುಂಬಗಳೂ ನಮ್ಮ ನಡುವೆ ಇವೆ. ಹೊಲ ಒಡೆಯಬಾರದು, ಮಗಳು ಕಣ್ಣಳತೆಯಲ್ಲಿರಬೇಕು ಎಂಬ ಆಸೆಯನ್ನು ನಾವು ಹಳಿಯಲಾರೆವು. ಆದರೆ ಲೆಕ್ಕವನ್ನು ಲೆಕ್ಕವಾಗಿ ನೋಡುವುದು ಗೃಹಸ್ಥನ ಧರ್ಮ.

ಒಬ್ಬ ವರನ ನೆತ್ತರಿನಲ್ಲಿ ಕೆಟ್ಟ ಪ್ರತಿಯೊಂದಿದೆಯೆಂದು ತಿಳಿಯೋಣ. ಅದು ಅವನ ತಂದೆಯಿಂದಲೋ ತಾಯಿಯಿಂದಲೋ ಬಂದದ್ದು. ಅದೇ ತಂದೆತಾಯಿಗಳ ಮಗಳಾದ ಅಕ್ಕನಿಗೂ ಅದು ಬಂದಿರುವ ಸಂಭವ ಎರಡರಲ್ಲಿ ಒಂದು. ಅಕ್ಕನಿಂದ ಅವಳ ಮಗಳಿಗೆ ಮತ್ತೆ ಎರಡರಲ್ಲಿ ಒಂದು. ಎಂದರೆ ಅಕ್ಕನ ಮಗಳಲ್ಲಿ ಅದೇ ದೋಷವಿರುವ ಸಂಭವ ನಾಲ್ಕರಲ್ಲಿ ಒಂದು. ಸೋದರಮಾವನ ಮಗಳಾದರೆ ಎಂಟರಲ್ಲಿ ಒಂದು. ಹೊರಗಿನ ಕನ್ಯೆಯಾದರೆ ಮುನ್ನೂರರಲ್ಲಿ ಒಂದು. ಗಂಡಹೆಂಡಿರಿಬ್ಬರಲ್ಲಿಯೂ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡು ಪ್ರತಿಯ ಉಗ್ರ ಬೇನೆ ಕಾದಿರುವುದು. ಜಾತಕದ ಮೂವತ್ತಾರು ಗುಣಗಳನ್ನು ಕೂಡಿಸಿ ನೋಡುವ ಹಿರಿಯರು, ಕಳ್ಳುಬಳ್ಳಿಯೊಳಗೆ ಎಳೆಯ ವಯಸ್ಸಿನ ಹೃದಯದ ಸಾವುಗಳಾಗಿದ್ದ ಪಕ್ಷದಲ್ಲಿ, ವಧೂವರರ ಕೊಲೆಸ್ಟರಾಲನ್ನೂ ಒಮ್ಮೆ ನೋಡಿಸಿದರೆ ಹೋಗುವುದೇನು? ಮದುವೆ ಮುರಿಯಲೆಂದು ನಾವು ಇದನ್ನು ಹೇಳುತ್ತಿಲ್ಲ. ತಿಳಿದು ಮಾಡಿಕೊಳ್ಳಲೆಂದು ಹೇಳುತ್ತಿದ್ದೇವೆ.

ಊಟದ ಮಾತು. ಮನೆತನದ ಕೊಲೆಸ್ಟರಾಲ್ ಉಳ್ಳವರು ತುಪ್ಪ, ಬೆಣ್ಣೆ, ಡಾಲ್ಡಾ, ಕೊಬ್ಬಿನ ಮಾಂಸಗಳನ್ನು ಕಡಮೆ ಮಾಡುವುದು ಒಳ್ಳೆಯದೇ. ಜೋಳದ ರೊಟ್ಟಿ, ಪುಂಡಿಪಲ್ಯೆ, ಬೇಳೆಕಾಳುಗಳ ನಮ್ಮ ಊಟವು ಮೂಲತಃ ಹಿತವಾದುದೇ. ಆದರೆ ಪಥ್ಯ ಒಂದರಿಂದಲೇ ಮುಚ್ಚಿದ ಬಾಗಿಲು ತೆರೆಯಲಾರದು. ತಿಂಗಳುಗಟ್ಟಲೆ ಒಣರೊಟ್ಟಿ ತಿಂದರೂ ಇಂತಹವರ ಲೆಕ್ಕವು ಅಲ್ಪಸ್ವಲ್ಪವೇ ಇಳಿಯುವುದು. ಆಗ ಮನೆಯವರು “ಕದ್ದು ತಿನ್ನುತ್ತಾನೆ” ಎಂದು ಶಂಕಿಸುವುದು ಅನ್ಯಾಯ. ಇನ್ನೊಂದು ವಿನೋದವನ್ನು ಇಲ್ಲಿ ಹೇಳಬೇಕು. ಎಣ್ಣೆಯ ಡಬ್ಬಗಳ ಮೇಲೆ ಕೊಲೆಸ್ಟರಾಲ್ ಇಲ್ಲವೆಂದು ದಪ್ಪಕ್ಷರಗಳಲ್ಲಿ ಅಚ್ಚುಮಾಡುವರಷ್ಟೆ. ಶೇಂಗಾ, ಕುಸುಬಿ, ಸೂರ್ಯಕಾಂತಿ ಮೊದಲಾದ ಯಾವ ಗಿಡದ ಎಣ್ಣೆಯಲ್ಲಿಯೂ ಅದು ಹೇಳಿಕೊಳ್ಳುವಷ್ಟು ಇರುವುದಿಲ್ಲ. ಗಾಣದವನು ಇದನ್ನು ಹೇಳಿಕೊಳ್ಳಲಿಲ್ಲ, ಅಷ್ಟೇ ಭೇದ.

ಎಲ್ಲ ವಂಶವಾಹಿಗಳೂ ಕೇಡನ್ನೇ ತರುವುವೆಂದು ತಿಳಿಯಬಾರದು. ೨೦೦೩ರಲ್ಲಿ ಫ್ರಾನ್ಸಿನ ಸಂಶೋಧಕರು ಪಿ.ಸಿ.ಎಸ್.ಕೆ.೯ ಎಂಬ ಇನ್ನೊಂದು ವಂಶವಾಹಿಯನ್ನು ಈ ಬೇನೆಯ ಮನೆಗಳಲ್ಲಿ ಕಂಡರು. ಗಿರಣಿಯ ಬಾಗಿಲುಗಳನ್ನು ಕಿತ್ತುಹಾಕುವ ಆಳೇ ಅದು. ಆಳು ಅತಿ ಚುರುಕಾದರೆ ಬಾಗಿಲು ಉಳಿಯದು. ಮುಂದೆ ೨೦೦೬ರಲ್ಲಿ ಡಲ್ಲಾಸಿನವರು, ಈ ಆಳು ಹುಟ್ಟಾ ಸೋಮಾರಿಯಾಗಿರುವ ಜನರನ್ನು ಕಂಡು, ಅವರ ಎಲ್.ಡಿ.ಎಲ್. ಬಹು ಕಡಮೆಯಿರುವುದನ್ನೂ ಹೃದಯದ ಬೇನೆ ಅವರಿಗೆ ಅಪರೂಪವೆಂಬುದನ್ನೂ ತೋರಿಸಿದರು. ಅದರಿಂದ ಆ ಆಳನ್ನು ಕಟ್ಟಿಹಾಕುವ ಚುಚ್ಚುಮದ್ದುಗಳು ಹುಟ್ಟಿದುವು. ಅವುಗಳ ಬೆಲೆ ಇನ್ನೂ ಸಾಮಾನ್ಯ ಸಂಸಾರಿಗಳ ಕೈಗೆ ಎಟುಕುವಂತಹುದಲ್ಲ.

ಲೈಪೊಪ್ರೋಟೀನ್-ಎ ಎಂಬ ಮತ್ತೊಂದು ಕಣವಿದೆ. ನಾರ್ವೆಯ ಕೋರೆ ಬರ್ಗ್ ೧೯೬೩ರಲ್ಲಿ ಕಂಡದ್ದು. ಅದರ ಪ್ರಮಾಣವನ್ನು ಬಹುಮಟ್ಟಿಗೆ ವಂಶವಾಹಿಯೇ ಗೊತ್ತುಮಾಡುವುದು. ಪಥ್ಯಕ್ಕೂ ನಡಿಗೆಗೂ ಅದು ಜಗ್ಗುವುದಿಲ್ಲ. ಲೋಕದಲ್ಲಿ ಐವರಲ್ಲಿ ಒಬ್ಬರಿಗೆ ಅದು ಮಿತಿಮೀರಿರುವುದು. ಐವತ್ತೆರಡು ದೇಶಗಳಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ, ನಮ್ಮ ಉಪಖಂಡದವರಿಗೆ ಮೊದಲ ಹೃದಯಾಘಾತವು ೫೩ರ ಸುಮಾರಿಗೂ, ಉಳಿದ ದೇಶದವರಿಗೆ ೫೯ರ ಸುಮಾರಿಗೂ ಬಂದುದು ಕಂಡಿತು. ಈ ಆರು ವರ್ಷಗಳ ಅಂತರಕ್ಕೆ ತಂಬಾಕು, ಸಕ್ಕರೆಯ ಬೇನೆ ಮೊದಲಾದುವುಗಳ ಪಾಲೇ ದೊಡ್ಡದೆಂದು ಆ ಅಧ್ಯಯನವು ಹೇಳಿತು. ಎಲ್ಲವನ್ನೂ ವಂಶದ ತಲೆಗೆ ಕಟ್ಟಿ ಬೀಡಿ ಹಚ್ಚುವವರು ಇದನ್ನು ಮರೆಯಬಾರದು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ೨೦೧೭ರಿಂದ ನಾಲ್ವತ್ತರೊಳಗಿನ ಹೃದ್ರೋಗಿಗಳ ವಿವರಗಳನ್ನು ಪ್ರತ್ಯೇಕವಾಗಿ ದಾಖಲಿಸತೊಡಗಿತೆಂದರೆ, ಎಳೆಯರಲ್ಲಿ ಈ ಬೇನೆ ಎಷ್ಟು ಬೇರೂರಿದೆಯೆಂಬುದು ತಿಳಿಯುವುದು.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಮೊದಲು ಒಂದು ಹಾಳೆಯಲ್ಲಿ ಮೂರು ತಲೆಮಾರಿನ ಹೆಸರುಗಳನ್ನು ಬರೆಯಬೇಕು. ಲಿಂಗಸುಗೂರಿಗೆ ಕೊಟ್ಟ ಸೋದರತ್ತೆ, ಸಿಂಧನೂರಿನ ದೊಡ್ಡಮ್ಮ, ಅವರ ಮಕ್ಕಳು, ಇವರನ್ನೂ ಬಿಡಬಾರದು; ವಂಶವಾಹಿಗೆ ಮಗನೆಂದೂ ಮಗಳೆಂದೂ ಭೇದವಿಲ್ಲ. ಹೆಸರಿನ ಮುಂದೆ ಎದೆನೋವು ಬಂದ, ಇಲ್ಲವೆ ತೀರಿಕೊಂಡ ವಯಸ್ಸನ್ನು ಬರೆಯಬೇಕು. ಗಂಡಸರಲ್ಲಿ ೫೫ಕ್ಕೆ, ಹೆಂಗಸರಲ್ಲಿ ೬೫ಕ್ಕೆ ಮೊದಲೇ ಹೃದಯದ ಬೇನೆ ಬಂದಿದ್ದರೆ ಎಚ್ಚರಗೊಳ್ಳತಕ್ಕದ್ದು. ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜಿನ ಮೇಲೆಯೂ ಕೈಬೆರಳುಗಳ ಗೆಣ್ಣುಗಳ ಮೇಲೆಯೂ ಗಂಟು ಕಟ್ಟಿರುವುದು, ೪೫ರ ಒಳಗೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿಯ ಬಳೆ ಮೂಡಿರುವುದು, ಇವು ಸೂಚನೆಗಳು. ಆದರೆ ಅನೇಕರಲ್ಲಿ ಯಾವ ಸೂಚನೆಯೂ ಇರುವುದಿಲ್ಲ; ರಕ್ತವೇ ಸಾಕ್ಷಿ ಹೇಳಬೇಕು. ಎಲ್.ಡಿ.ಎಲ್. ೧೯೦ನ್ನು ಮೀರಿದ್ದರೆ, ಅಂತಹ ಮನೆಯ ಮಕ್ಕಳಲ್ಲಿ ೧೬೦ನ್ನು ಮೀರಿದ್ದರೆ, ವೈದ್ಯರು ಥೈರಾಯಿಡ್, ಮೂತ್ರಪಿಂಡಗಳ ಬೇನೆ ಅಲ್ಲವೆಂದು ನಿಶ್ಚಯಿಸಿಕೊಂಡು ಮನೆತನದ ಕೊಲೆಸ್ಟರಾಲನ್ನು ಶಂಕಿಸುವರು. ಭಾರತದ ಹೃದ್ರೋಗತಜ್ಞರ ಸಂಘವು ೨೦೨೪ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ, ಎಲ್ಲರೂ ೧೮ನೆಯ ವಯಸ್ಸಿಗೆ ಒಮ್ಮೆ, ಇಂತಹ ಮನೆತನದವರು ಅದಕ್ಕೂ ಮೊದಲೇ, ಪರೀಕ್ಷೆ ಮಾಡಿಸಬೇಕೆಂದಿದೆ. ಲೈಪೊಪ್ರೋಟೀನ್-ಎಯನ್ನು ಜೀವಮಾನದಲ್ಲಿ ಒಮ್ಮೆ ನೋಡಿದರೆ ಸಾಕೆಂದೂ ಇದೆ. ಬರಿಯ ಹೊಟ್ಟೆಯಲ್ಲಿಯೇ ಹೋಗಬೇಕೆಂಬ ನಿರ್ಬಂಧವೂ ಮೊದಲ ಪರೀಕ್ಷೆಗೆ ಈಗ ಇಲ್ಲ.

ಈ ರಕ್ತಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. ೨೦೦೭ರಲ್ಲಿ ಸ್ಥಾಪಿತವಾದ ರಾಯಚೂರು ವೈದ್ಯಕೀಯ ವಿಜ್ಞಾನ ಸಂಸ್ಥೆಯಾದ ರಿಮ್ಸ್ ನಗರದಲ್ಲಿಯೇ ಇದೆ. ಹೆಚ್ಚಿನ ಹೃದಯಚಿಕಿತ್ಸೆಗೆ ಕಲಬುರಗಿಯಲ್ಲಿ ಜಯದೇವ ಸಂಸ್ಥೆಯ ಆಸ್ಪತ್ರೆಯಿದೆ. ೨೦೨೧ರ ಅಕ್ಟೋಬರಿನಲ್ಲಿ ೪೬ ವರ್ಷದ ನಟ ಪುನೀತ್ ರಾಜ್‌ಕುಮಾರರು ಹಠಾತ್ತಾಗಿ ತೀರಿಕೊಂಡ ಮೇಲೆ, ಅವರ ಹೆಸರಿನಲ್ಲಿ ಸರಕಾರವು ೨೦೨೩ರಲ್ಲಿ ಹೃದಯಜ್ಯೋತಿ ಯೋಜನೆಯನ್ನು ಘೋಷಿಸಿ, ಸರಕಾರಿ ಆಸ್ಪತ್ರೆಗಳಲ್ಲಿ ಎದೆನೋವಿನವರಿಗೆ ಇ.ಸಿ.ಜಿ. ತೆಗೆದು ತುರ್ತು ಚುಚ್ಚುಮದ್ದು ಕೊಡುವ ಏರ್ಪಾಡನ್ನು ಆರಂಭಿಸಿತು. ಅದು ಬೆಂಕಿ ಹತ್ತಿದ ಮೇಲಿನ ಮಾತು. ನಾವು ಹೇಳುತ್ತಿರುವುದು ಅದಕ್ಕೆ ಇಪ್ಪತ್ತು ವರ್ಷ ಮೊದಲಿನದು. ಏಮ್ಸ್ ಆಸ್ಪತ್ರೆಗಾಗಿ ರಾಯಚೂರಿನವರು ೨೦೨೨ರಲ್ಲಿ ಹೂಡಿದ ಧರಣಿಯು ಸಾವಿರ ದಿನಗಳನ್ನು ದಾಟಿತೆಂಬುದನ್ನು ಬಲ್ಲೆವು. ದೊಡ್ಡ ಆಸ್ಪತ್ರೆ ಬೇಕು, ಸಂದೇಹವಿಲ್ಲ. ಆದರೆ ಈ ಬೇನೆಯನ್ನು ಹಿಡಿಯಲು ಒಂದು ಸೀಸೆಯ ನೆತ್ತರು ಸಾಕು.

ಮದ್ದಿನ ಹೆಸರು ಸ್ಟ್ಯಾಟಿನ್. ಅದರ ಮೂಲವನ್ನು ಜಪಾನಿನ ಅಕಿರಾ ಎಂಡೊ ಎಂಬವರು ೧೯೭೦ರ ದಶಕದಲ್ಲಿ ಸಾವಿರಾರು ಬೂಷ್ಟುಗಳನ್ನು ಸೋಸಿ, ಅಕ್ಕಿಯ ಮೇಲೆ ಬೆಳೆದ ನೀಲಿಹಸುರು ಬೂಷ್ಟಿನಲ್ಲಿ ಕಂಡರು. ಇದು ಯಕೃತ್ತು ತಾನೇ ಕೊಲೆಸ್ಟರಾಲ್ ತಯಾರಿಸುವುದನ್ನು ತಗ್ಗಿಸುವುದು. ಒಳಗಿನ ಕಣಜ ಬರಿದಾದ ಗಿರಣಿಯು ಹೆಚ್ಚು ಬಾಗಿಲುಗಳನ್ನು ತೆರೆದು ಬೀದಿಯ ಬಂಡಿಗಳನ್ನು ಒಳಕ್ಕೆ ಕರೆಯುವುದು. ಎರಡು ಪ್ರತಿಯೂ ಕೆಟ್ಟ ಮಕ್ಕಳಿಗೆ ತೆರೆಯಲು ಬಾಗಿಲೇ ಇಲ್ಲವಾದುದರಿಂದ ಇದು ಅಷ್ಟಾಗಿ ನಾಟುವುದಿಲ್ಲ. ಅವರಿಗೆ ರಕ್ತವನ್ನು ಯಂತ್ರದಲ್ಲಿ ಸೋಸುವ ಕ್ರಮವೂ ಬೇರೆ ದುಬಾರಿ ಮದ್ದುಗಳೂ ಬೇಕಾಗುವುವು. ಒಂದು ಪ್ರತಿಯವರಿಗಾದರೋ ದಿನಕ್ಕೊಂದು ಗುಳಿಗೆ, ಜನೌಷಧಿ ಅಂಗಡಿಯಲ್ಲಿ ಅಲ್ಪ ಬೆಲೆಗೆ ಸಿಕ್ಕುವಂತಹುದು. ಕೆಲವರಿಗೆ ಸ್ನಾಯುನೋವು ಬರುವುದು, ಕೆಲವರ ಸಕ್ಕರೆ ಸ್ವಲ್ಪ ಏರುವುದು. ಇದನ್ನು ವೈದ್ಯರಿಗೆ ಹೇಳಬೇಕೇ ಹೊರತು ತಾವೇ ಬಿಟ್ಟುಬಿಡಬಾರದು.

ಬ್ಯಾಗವಾಟದ ಶ್ರೀನಿವಾಸಾಚಾರ್ಯರಿಗೆ, ಅಂದರೆ ಮುಂದೆ ಮಾನ್ವಿಯ ಜಗನ್ನಾಥದಾಸರೆನಿಸಿದವರಿಗೆ, ದೇವದುರ್ಗದ ಕಡೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಾಲ್ವತ್ತು ವರ್ಷಗಳನ್ನು ಧಾರೆಯೆರೆದರೆಂಬುದು ಈ ಸೀಮೆಯಲ್ಲಿ ಹುಡುಗರಿಗೂ ಗೊತ್ತಿರುವ ಐತಿಹ್ಯ. ಹಾಲೆಂಡಿನಲ್ಲಿ ನಡೆದು ೨೦೧೯ರಲ್ಲಿ ಪ್ರಕಟವಾದ ಒಂದು ವರದಿಯನ್ನು ಓದಿದಾಗ ನಮಗೆ ಆ ಐತಿಹ್ಯವು ನೆನಪಾಯಿತು. ಅಲ್ಲಿ ಮನೆತನದ ಕೊಲೆಸ್ಟರಾಲ್ ಉಳ್ಳ ಇನ್ನೂರಕ್ಕೂ ಹೆಚ್ಚು ಮಕ್ಕಳಿಗೆ ಎಳವೆಯಲ್ಲಿಯೇ ಸ್ಟ್ಯಾಟಿನ್ ಆರಂಭಿಸಿ ಇಪ್ಪತ್ತು ವರ್ಷ ನೋಡಿದರು. ೩೯ನೆಯ ವಯಸ್ಸಿನೊಳಗೆ ಹೃದಯರಕ್ತನಾಳಗಳ ಬೇನೆಗೆ ಈಡಾದವರು ಅವರಲ್ಲಿ ನೂರಕ್ಕೆ ಒಬ್ಬರು. ಅದೇ ದೋಷವುಳ್ಳ, ಬಾಲ್ಯದಲ್ಲಿ ಈ ಮದ್ದು ಕಾಣದ ಅವರ ತಂದೆತಾಯಿಗಳಲ್ಲಿ ಅದೇ ವಯಸ್ಸಿನೊಳಗೆ ನೂರಕ್ಕೆ ಇಪ್ಪತ್ತಾರು.

ಎಂಟು ಹತ್ತು ವರ್ಷದ ಮಗುವಿಗೆ ದಿನಂಪ್ರತಿ ಗುಳಿಗೆಯೆಂದರೆ ತಾಯಂದಿರ ಮನಸ್ಸು ಹಿಂಜರಿಯುವುದು ಸಹಜ. ಮಗಳಾದರೆ ಇನ್ನೊಂದು ಅಂಜಿಕೆಯೂ ಕೂಡುವುದು: ಹುಡುಗಿಗೆ ಬೇನೆಯಿದೆಯೆಂದು ಸುದ್ದಿಯಾದರೆ ಯಾರು ಕೇಳಿಕೊಂಡು ಬಂದಾರು? ಹೀಗೆಂದು ಮುಚ್ಚಿಟ್ಟು ಮಗನಿಗೆ ಮಾತ್ರ ಪರೀಕ್ಷೆ ಮಾಡಿಸುವವರಿಗೆ ನಾವು ಹೇಳುವುದಿಷ್ಟೇ. ಮದ್ದು ತೆಗೆದುಕೊಳ್ಳುತ್ತಿರುವ ಹುಡುಗಿಯು ಓದಬಹುದು, ದುಡಿಯಬಹುದು, ಮದುವೆಯಾಗಿ ಮಕ್ಕಳನ್ನು ಹೆರಬಹುದು. ಬಸುರಿಯಾಗುವ ವಿಚಾರವಿದ್ದಾಗ ಮಾತ್ರ ಮೊದಲೇ ವೈದ್ಯರಿಗೆ ತಿಳಿಸಬೇಕು. ಬಸುರಿನಲ್ಲಿಯೂ ಮೊಲೆಯೂಡಿಸುವ ಕಾಲದಲ್ಲಿಯೂ ಸ್ಟ್ಯಾಟಿನನ್ನು ಸಾಮಾನ್ಯವಾಗಿ ನಿಲ್ಲಿಸಿ, ಕೂಸು ಮೊಲೆ ಬಿಟ್ಟ ಮೇಲೆ ಮತ್ತೆ ಆರಂಭಿಸುವರು. ಕೂಸಿನ ರಕ್ತಪರೀಕ್ಷೆಯನ್ನು ಯಾವಾಗ ಮಾಡಿಸಬೇಕೆಂಬುದನ್ನೂ ಆಗಲೇ ಕೇಳಿಕೊಂಡು ಬರಬಹುದು.